ಆಮೆಯ ಶಿಶಿರನಿದ್ರೆಯೂ ನೆಲದ ಉಷ್ಣತೆಯೂ

ಚಳಿಗಾಲವನ್ನು ಎದುರಿಸಲು ಪ್ರಾಣಿಗಳು ಹಿಡಿಯುವ ದಾರಿಗಳು ಹಲವು. ಕೆಲವು ಹಕ್ಕಿಗಳು ಸಾವಿರಾರು ಮೈಲಿ ಹಾರಿ ಬೆಚ್ಚಗಿನ ನಾಡುಗಳನ್ನು ಸೇರುತ್ತವೆ. ಕೆಲವು ಮೃಗಗಳು ಮೈಮೇಲೆ ದಟ್ಟವಾದ ತುಪ್ಪಳವನ್ನು ಬೆಳೆಸಿಕೊಳ್ಳುತ್ತವೆ. ಆಮೆಗೆ ಇವೆರಡೂ ಸಾಧ್ಯವಿಲ್ಲ. ಅದು ಹಾರಲಾರದು, ದೂರ ನಡೆಯಲಾರದು, ಅದಕ್ಕೆ ಕೂದಲೂ ಇಲ್ಲ. ಆದುದರಿಂದ ಶೀತದೇಶಗಳ ಆಮೆ ನೆಲವನ್ನು ಅಗೆದು ಒಳಹೊಕ್ಕು, ಅನ್ನನೀರುಗಳಿಲ್ಲದೆ ತಿಂಗಳುಗಟ್ಟಲೆ ಅಲುಗಾಡದೆ ಬಿದ್ದಿರುತ್ತದೆ. ಇದನ್ನೇ ಶಿಶಿರನಿದ್ರೆ ಎನ್ನುತ್ತಾರೆ.

ಉತ್ತರ ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ ಪೆಟ್ಟಿಗೆಯಾಮೆ ಎಂಬ ಒಂದು ಜಾತಿಯುಂಟು. ಶಾಸ್ತ್ರದಲ್ಲಿ ಅದರ ಹೆಸರು ಟೆರಾಪೀನ್ ಕ್ಯಾರೊಲೈನಾ. ಅದರ ಹೊಟ್ಟೆಯ ಚಿಪ್ಪಿಗೆ ಅಡ್ಡಲಾಗಿ ಬಿಜಾಗರಿಯಂಥ ಸಂದು ಇರುವುದರಿಂದ, ಅಂಜಿಕೆಯಾದಾಗ ತಲೆ ಕಾಲುಗಳನ್ನು ಒಳಗೆಳೆದುಕೊಂಡು ಚಿಪ್ಪನ್ನು ಪೆಟ್ಟಿಗೆಯ ಮುಚ್ಚಳದಂತೆ ಮುಚ್ಚಿಕೊಳ್ಳಬಲ್ಲದು. ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಬದುಕಬಲ್ಲ ಈ ಸಾಧುಪ್ರಾಣಿಯನ್ನು ಆ ದೇಶದಲ್ಲಿ ಅನೇಕರು ಸಾಕುತ್ತಾರೆ. ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಹಿತ್ತಿಲಲ್ಲಿಯೂ ಅದು ಕಾಣಸಿಗುವುದು ಅಸಂಭವವಲ್ಲ.

ಇಂಥ ಆಮೆಯೊಂದು ಹುಬ್ಬಳ್ಳಿ-ಧಾರವಾಡ ರಸ್ತೆಯ ನಡುವೆ ಇರುವ ರಾಯಾಪುರದ ಒಂದು ಮನೆಯಲ್ಲಿ ಇದೆಯೆಂದು ಭಾವಿಸೋಣ. ಡಿಸೆಂಬರ್ ಬಂದಿದೆ. ಪುಸ್ತಕಗಳಲ್ಲಿ ಓದಿದಂತೆ ಅದನ್ನು ಹಿತ್ತಿಲಿನ ಮಣ್ಣಿನಲ್ಲಿ ಮಲಗಲು ಬಿಡಬಹುದೇ? ಇದು ಕೇವಲ ಪ್ರಾಣಿಶಾಸ್ತ್ರದ ಪ್ರಶ್ನೆಯಂತೆ ತೋರುತ್ತದೆ. ಆದರೆ ಇದರ ಉತ್ತರ ಉಷ್ಣಮಾಪಕದಲ್ಲಿಯೂ ನಾವು ತರಗತಿಯಲ್ಲಿ ಕಲಿಯುವ ಶಾಖದ ಪಾಠದಲ್ಲಿಯೂ ಅಡಗಿದೆ. ಉತ್ತರ ತಪ್ಪಿದರೆ ಹೋಗುವುದು ಒಂದು ಜೀವ.

ಹೊರಗಿನ ಉಷ್ಣತೆಯೇ ಒಡಲಿನ ಉಷ್ಣತೆ

ಮನುಷ್ಯನ ದೇಹ ಬೇಸಗೆಯಲ್ಲಿಯೂ ಚಳಿಯಲ್ಲಿಯೂ ಸುಮಾರು 37 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿರುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. ನಾವು ಉಣ್ಣುವ ಅನ್ನದ ಬಹುಭಾಗ ಕೊನೆಗೆ ಶಾಖವಾಗಿಯೇ ಮಾರ್ಪಡುತ್ತದೆ. ಆಮೆ, ಹಲ್ಲಿ, ಹಾವುಗಳು ಈ ವೆಚ್ಚವನ್ನು ಮಾಡುವುದಿಲ್ಲ. ಅವು ಬಿಸಿಲಿನಿಂದಲೂ ಬಿಸಿಯಾದ ಕಲ್ಲಿನಿಂದಲೂ ಶಾಖವನ್ನು ಪಡೆಯುತ್ತವೆ. ಸುತ್ತಣ ಗಾಳಿ ತಂಪಾದರೆ ತಾವೂ ತಂಪಾಗುತ್ತವೆ. ಇವುಗಳನ್ನು ಶೀತರಕ್ತದ ಪ್ರಾಣಿಗಳೆಂದು ಕರೆಯುವ ರೂಢಿ ಅಷ್ಟೇನೂ ಸರಿಯಲ್ಲ. ಬಿಸಿಲು ಕಾಯಿಸಿಕೊಂಡ ಆಮೆಯ ರಕ್ತ ನಮ್ಮದರಷ್ಟೇ ಬೆಚ್ಚಗಿರಬಲ್ಲದು.

ಜೀವಕ್ರಿಯೆಗಳೆಲ್ಲ ರಾಸಾಯನಿಕ ಕ್ರಿಯೆಗಳು. 1901ರಲ್ಲಿ ರಸಾಯನಶಾಸ್ತ್ರದ ಮೊದಲ ನೊಬೆಲ್ ಪಾರಿತೋಷಿಕವನ್ನು ಪಡೆದ ಹಾಲೆಂಡಿನ ವಿಜ್ಞಾನಿ ವಾಂಟ್ ಹಾಫ್ ಹೇಳಿದ ಒಂದು ಸ್ಥೂಲ ನಿಯಮವಿದೆ: ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಎರಡರಿಂದ ಮೂರು ಪಟ್ಟು ಹೆಚ್ಚುತ್ತದೆ, ಇಳಿದರೆ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ನಾವು ಎರಡೂವರೆ ಪಟ್ಟು ಎಂದಿಟ್ಟುಕೊಂಡು ಲೆಕ್ಕ ಹಾಕೋಣ. 25 ಡಿಗ್ರಿಯಲ್ಲಿ ಆಮೆಯ ಜೀವಕ್ರಿಯೆಯ ವೇಗ 1 ಆಗಿದ್ದರೆ, 15 ಡಿಗ್ರಿಯಲ್ಲಿ ಅದು 0.4, 5 ಡಿಗ್ರಿಯಲ್ಲಿ ಕೇವಲ 0.16.

ಈ ಸಂಖ್ಯೆಗಳ ಅರ್ಥವನ್ನು ಹೀಗೆ ತಿಳಿಯಬಹುದು. ಆಮೆಯ ಮೈಯಲ್ಲಿ ಕೂಡಿಟ್ಟ ಕೊಬ್ಬು 25 ಡಿಗ್ರಿಯಲ್ಲಿ 30 ದಿನಗಳಿಗೆ ಸಾಕಾಗುವಷ್ಟಿದೆ ಎನ್ನೋಣ. ಅದೇ ಕೊಬ್ಬು 15 ಡಿಗ್ರಿಯಲ್ಲಿ 75 ದಿನ ಬರುತ್ತದೆ; 5 ಡಿಗ್ರಿಯಲ್ಲಾದರೋ 187 ದಿನ, ಅಂದರೆ ಆರು ತಿಂಗಳು ಬರುತ್ತದೆ. ಶಿಶಿರನಿದ್ರೆಯ ರಹಸ್ಯವೆಲ್ಲ ಇಷ್ಟೆ. ಅದು ನಮ್ಮ ರಾತ್ರಿಯ ನಿದ್ರೆಯಂಥ ವಿಶ್ರಾಂತಿಯಲ್ಲ. ಶೀತದಿಂದ ಜೀವದ ಗಡಿಯಾರವೇ ನಿಧಾನವಾಗಿ ನಡೆಯುವ ಸ್ಥಿತಿ. ಆಗ ಹೃದಯ ನಿಮಿಷಕ್ಕೆ ಕೆಲವೇ ಬಾರಿ ಬಡಿಯುತ್ತದೆ. ಉಸಿರಾಟ ಇದೆಯೋ ಇಲ್ಲವೋ ಎಂಬಷ್ಟು ಕ್ಷೀಣವಾಗುತ್ತದೆ.

ಹಾಗಾದರೆ ಉಷ್ಣತೆ ಇನ್ನೂ ಇಳಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ವಾಚಕರು ಕೇಳಬಹುದು. ಇದಕ್ಕೊಂದು ಎಲ್ಲೆಯಿದೆ. ಸೊನ್ನೆ ಡಿಗ್ರಿಯ ಕೆಳಗೆ ದೇಹದ ನೀರು ಹೆಪ್ಪುಗಟ್ಟತೊಡಗುತ್ತದೆ. ಪೆಟ್ಟಿಗೆಯಾಮೆ ಇದನ್ನೂ ಸ್ವಲ್ಪಮಟ್ಟಿಗೆ ತಡೆದುಕೊಳ್ಳಬಲ್ಲದು. ಅದರ ಒಡಲಿನ ನೀರಿನಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಹೆಪ್ಪುಗಟ್ಟಿದ ಮೇಲೂ ಬದುಕಿ ಎದ್ದುದನ್ನು ಅಮೆರಿಕದ ವಿಜ್ಞಾನಿಗಳು 1990ರಲ್ಲಿ ಪ್ರಕಟಿಸಿದರು. ಆದರೆ ಇದು ಆಪತ್ಕಾಲದ ಶಕ್ತಿಯೇ ಹೊರತು ದಿನನಿತ್ಯದ ಕ್ರಮವಲ್ಲ. ಇತರ ಆಮೆಗಳಲ್ಲಿ ಇಂಥ ಹೆಪ್ಪಿನಿಂದ ಕಣ್ಣು ಕುರುಡಾಗುವುದುಂಟು, ಸಾವೂ ಉಂಟು. ಒಟ್ಟಿನಲ್ಲಿ ನಿದ್ರೆಗೆ ಬೇಕಾದುದು ಸುಮಾರು 4ರಿಂದ 8 ಡಿಗ್ರಿಯ ಇಕ್ಕಟ್ಟಾದ ಒಂದು ಪಟ್ಟಿ.

ಮಣ್ಣೆಂಬ ಕಂಬಳಿ

ಹೊರಗೆ ಹಿಮ ಬೀಳುತ್ತಿರುವಾಗ ಆಮೆಗೆ ಈ ಪಟ್ಟಿ ಎಲ್ಲಿ ದೊರೆಯುತ್ತದೆ? ನೆಲದೊಳಗೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿ ಪ್ರಕೃತಿಯನ್ನು ಗಮನಿಸುತ್ತ ಬಾಳಿದನು. 1780ರಲ್ಲಿ ಸೋದರತ್ತೆಯ ಮನೆಯಿಂದ ಅವನಿಗೆ ಟಿಮೊತಿ ಎಂಬ ಆಮೆ ಬಂದಿತು. ಅದು ನವೆಂಬರಿನಲ್ಲಿ ನಿಧಾನವಾಗಿ ನೆಲ ಅಗೆದು ಒಳಸೇರುವುದನ್ನೂ ಏಪ್ರಿಲಿನಲ್ಲಿ ಮೇಲೇಳುವುದನ್ನೂ ಅವನು ಬರೆದಿಟ್ಟನು. 1789ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಈ ಆಮೆಯ ವೃತ್ತಾಂತವಿದೆ. ಅದರ ಚಿಪ್ಪು ಇಂದಿಗೂ ಲಂಡನ್ನಿನ ಪ್ರಕೃತಿಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿದೆ. ಗಂಡಸಿನ ಹೆಸರು ಹೊತ್ತಿದ್ದ ಟಿಮೊತಿ ಹೆಣ್ಣಾಗಿತ್ತೆಂದು ಸತ್ತ ಮೇಲೆ ಗೊತ್ತಾಯಿತು!

ಟಿಮೊತಿಯನ್ನು ಕಾಪಾಡಿದ್ದು ಮಣ್ಣಿನ ಒಂದು ಗುಣ. ಮಣ್ಣು ಶಾಖವನ್ನು ಬಹು ನಿಧಾನವಾಗಿ ಒಯ್ಯುತ್ತದೆ. ಹಗಲಿನ ಬಿಸಿಯೂ ಇರುಳಿನ ತಂಪೂ ಒಂದರ ಹಿಂದೆ ಒಂದು ಅಲೆಗಳಂತೆ ನೆಲದೊಳಗೆ ಇಳಿಯುತ್ತವೆ, ಇಳಿದಂತೆಲ್ಲ ಕುಗ್ಗುತ್ತವೆ. ಸಾಧಾರಣ ತೇವದ ಮಣ್ಣಿನಲ್ಲಿ ದಿನದ ಅಲೆ ಸುಮಾರು 12 ಸೆಂಟಿಮೀಟರು ಆಳದಲ್ಲಿ ಮೇಲ್ಮೈಯಲ್ಲಿದ್ದುದರ ಮೂರನೆಯ ಒಂದು ಪಾಲಿನಷ್ಟಾಗುತ್ತದೆ. 30 ಸೆಂಟಿಮೀಟರಿನಲ್ಲಿ ಹನ್ನೆರಡನೆಯ ಒಂದು ಪಾಲೂ ಉಳಿಯುವುದಿಲ್ಲ. ವರ್ಷದ ಅಲೆ, ಎಂದರೆ ಬೇಸಗೆ ಚಳಿಗಾಲಗಳ ಏರಿಳಿತ, ಇನ್ನೂ ಆಳಕ್ಕೆ ಹೋಗುತ್ತದೆ. ಅಲೆ ಇಳಿಯುವ ಆಳವು ಅದರ ಅವಧಿಯ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಒಂದು ವರ್ಷಕ್ಕೆ 365 ದಿನ. 365ರ ವರ್ಗಮೂಲ ಸುಮಾರು 19. ಆದುದರಿಂದ ವರ್ಷದ ಅಲೆ ಮೂರನೆಯ ಒಂದು ಪಾಲಿಗೆ ಇಳಿಯಲು 12 ಸೆಂಟಿಮೀಟರಿನ 19 ಪಟ್ಟು, ಎಂದರೆ ಸುಮಾರು ಎರಡೂಕಾಲು ಮೀಟರು ಆಳ ಬೇಕು.

ಇದರ ಫಲವೇನು? ಒಂದೆರಡು ಅಡಿ ಆಳದ ಮಣ್ಣು ಆಯಾ ದಿನದ ಬಿಸಿ ಚಳಿಗಳನ್ನು ಮರೆತು ಆ ಋತುವಿನ ಸರಾಸರಿ ಉಷ್ಣತೆಯಲ್ಲಿರುತ್ತದೆ. ಹಲವು ಮೀಟರು ಆಳದ ಮಣ್ಣು ಋತುವನ್ನೂ ಮರೆತು ಇಡೀ ವರ್ಷದ ಸರಾಸರಿಯಲ್ಲಿರುತ್ತದೆ. ದಕ್ಷಿಣ ಇಂಗ್ಲೆಂಡಿನ ಚಳಿಗಾಲದ ಸರಾಸರಿ 4-5 ಡಿಗ್ರಿ. ಆಮೆಗೆ ಬೇಕಾದುದೂ ಅದೇ! ಇದರೊಡನೆ ಇನ್ನೆರಡು ರಕ್ಷಣೆಗಳುಂಟು. ಮೇಲೆ ಬಿದ್ದ ತರಗೆಲೆಗಳ ನಡುವಣ ಗಾಳಿ ಕಂಬಳಿಯ ಎಳೆಗಳ ನಡುವಣ ಗಾಳಿಯಂತೆ ಶಾಖವನ್ನು ತಡೆಯುತ್ತದೆ. ಮಣ್ಣಿನ ತೇವ ಹೆಪ್ಪುಗಟ್ಟುವಾಗ ಗ್ರಾಮಿಗೆ 80 ಕೆಲೊರಿಯಂತೆ ಗುಪ್ತಶಾಖವನ್ನು ಬಿಟ್ಟುಕೊಡುವುದರಿಂದ ಹಿಮದ ಹಲ್ಲು ಒಳಕ್ಕೆ ಇಳಿಯುವುದು ತಡವಾಗುತ್ತದೆ.

ರಾಯಾಪುರದ ಚಳಿಗಾಲ

ಈಗ ಇದೇ ನಿಯಮವನ್ನು ರಾಯಾಪುರಕ್ಕೆ ಅನ್ವಯಿಸೋಣ. ಇಲ್ಲಿ ಡಿಸೆಂಬರ್-ಜನವರಿಗಳ ರಾತ್ರಿಯ ಉಷ್ಣತೆ ಸಾಮಾನ್ಯವಾಗಿ 14-15 ಡಿಗ್ರಿ, ಹಗಲಿನದು 28-29 ಡಿಗ್ರಿ. ಸರಾಸರಿ 21-22. ಹಿತ್ತಿಲಿನಲ್ಲಿ ಒಂದಡಿ ಅಗೆದರೆ ಮಣ್ಣು ಈ ಸರಾಸರಿಯ ಸುತ್ತಮುತ್ತ ಇರುತ್ತದೆ. ಇನ್ನೂ ಅಗೆದರೆ ತಂಪಾಗುವುದೇ? ಇಲ್ಲ, ವರ್ಷದ ಸರಾಸರಿಯಾದ 24-25 ಡಿಗ್ರಿಯತ್ತ ಏರುತ್ತ ಹೋಗುತ್ತದೆ. ಸೆಲ್ಬೋರ್ನಿನ ನೆಲ ಟಿಮೊತಿಗೆ ನೀಡಿದ ಶೀತವನ್ನು ರಾಯಾಪುರದ ನೆಲ ಎಷ್ಟು ಅಗೆದರೂ ನೀಡಲಾರದು. ಅದರ ಬಳಿ ಆ ಶೀತವಿಲ್ಲ.

21-22 ಡಿಗ್ರಿಯಲ್ಲಿ ಆಮೆಯ ಜೀವಕ್ರಿಯೆ 25 ಡಿಗ್ರಿಯ ಮುಕ್ಕಾಲು ಪಾಲಿನಷ್ಟು ಇದ್ದೇ ಇರುತ್ತದೆ. ನಮ್ಮ ಲೆಕ್ಕದ 30 ದಿನಗಳ ಕೊಬ್ಬು ಇಲ್ಲಿ ಬರುವುದು ನಲವತ್ತು ದಿನಗಳಿಗೆ ಮಾತ್ರ. ಚಳಿಗಾಲವೋ ಮೂರು ತಿಂಗಳದು. ಆಮೆಯನ್ನು ಮಣ್ಣು ತುಂಬಿದ ಪೆಟ್ಟಿಗೆಯಲ್ಲಿಟ್ಟು ಮರೆತುಬಿಟ್ಟರೆ ಅದು ಮಲಗಿದಂತೆ ತೋರುತ್ತಲೇ ಹಸಿವಿನಿಂದ ಸವೆಯುತ್ತದೆ.

ಅರೆನಿದ್ರೆಯ ಅಪಾಯ ಇಷ್ಟಕ್ಕೇ ಮುಗಿಯುವುದಿಲ್ಲ. ಹತ್ತರಿಂದ ಹದಿನೆಂಟು ಡಿಗ್ರಿಯ ನಡುವೆ ಆಮೆ ಆಹಾರವನ್ನು ಬಿಡುತ್ತದೆ, ಆದರೆ ಅದರ ವೆಚ್ಚ ನಿಲ್ಲುವುದಿಲ್ಲ. ಕರುಳಿನಲ್ಲಿ ಉಳಿದ ಆಹಾರ ಜೀರ್ಣವಾಗದೆ ಕೊಳೆಯತೊಡಗುತ್ತದೆ. ರೋಗವನ್ನು ತಡೆಯುವ ಶಕ್ತಿ ತಗ್ಗುತ್ತದೆ. ರೋಗಾಣುಗಳು ಮಾತ್ರ ಚುರುಕಾಗಿಯೇ ಇರುತ್ತವೆ. ಪೂರ್ತಿ ಎಚ್ಚರವೂ ಕ್ಷೇಮ, ಪೂರ್ತಿ ನಿದ್ರೆಯೂ ಕ್ಷೇಮ. ನಡುವಣ ಸ್ಥಿತಿಯೇ ಮಾರಕ.

ಆದುದರಿಂದ ರಾಯಾಪುರದಂಥ ಊರಿನಲ್ಲಿ ಸರಳವಾದ ದಾರಿಯೆಂದರೆ ಆಮೆಯನ್ನು ಮಲಗಿಸದಿರುವುದೇ. ಅದಿರುವ ಪೆಟ್ಟಿಗೆಯನ್ನು ರಾತ್ರಿಯೂ 20 ಡಿಗ್ರಿಗೆ ಕಡಿಮೆಯಾಗದಂತೆ ಬೆಚ್ಚಗಿಟ್ಟು, ದಿನಕ್ಕೆ ಹನ್ನೆರಡು ಗಂಟೆಗಳ ಬೆಳಕು, ನೀರು, ಆಹಾರಗಳನ್ನು ಒದಗಿಸಿದರೆ ಆರೋಗ್ಯವಂತ ಆಮೆ ಚಳಿಗಾಲವನ್ನು ಎಚ್ಚರವಾಗಿಯೇ ಕಳೆಯುತ್ತದೆ. ಮರಿಗೆ, ರೋಗಿಗೆ, ತೂಕ ಕಡಿಮೆಯಾದುದಕ್ಕೆ ಇದೊಂದೇ ದಾರಿ.

ಸುರಕ್ಷಿತ ನಿದ್ರೆಯ ಕ್ರಮ

ಬೆಳೆದು ಗಟ್ಟಿಮುಟ್ಟಾದ ಆಮೆಯನ್ನು ಮಲಗಿಸಲೇಬೇಕೆಂದಿದ್ದರೆ ಶೀತವನ್ನು ಯಂತ್ರದಿಂದ ಪಡೆಯಬೇಕು. ಬೆಚ್ಚಗಿನ ನಾಡುಗಳಲ್ಲಿ ಅನುಭವಿಗಳು ಇದಕ್ಕಾಗಿಯೇ ಬೇರೆಯಾದ ಒಂದು ರೆಫ್ರಿಜರೇಟರನ್ನು ಇಡುತ್ತಾರೆ. ಆಮೆಗಳ ಮೈಮೇಲೆ ಹೊಟ್ಟೆಬೇನೆ ತರುವ ರೋಗಾಣುಗಳು ಇರಬಹುದಾದುದರಿಂದ ಮನೆಯ ಅಡಿಗೆಯ ಪದಾರ್ಥಗಳೊಡನೆ ಅದನ್ನು ಇಡಬಾರದು. ಮುಟ್ಟಿದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಅನುಸರಿಸಬೇಕಾದ ಕ್ರಮ ಹೀಗಿದೆ.

ಮೊದಲನೆಯದು, ಪರೀಕ್ಷೆ. ಮೂಗು ಸೋರುವುದು, ಕಣ್ಣು ಊದಿರುವುದು, ಬಾಯಲ್ಲಿ ಹುಣ್ಣು ಇವುಗಳಲ್ಲಿ ಯಾವುದಿದ್ದರೂ ಮಲಗಿಸಬಾರದು. ಸರೀಸೃಪಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸುವುದು ಲೇಸು.

ಎರಡನೆಯದು, ಉಪವಾಸ. ಎರಡು ಮೂರು ವಾರ ಆಹಾರ ಕೊಡದೆ ಬೆಚ್ಚಗೆ ಇರಿಸಬೇಕು. ಬೆಚ್ಚಗಿದ್ದರೆ ಮಾತ್ರ ಕರುಳು ಕೆಲಸಮಾಡಿ ಖಾಲಿಯಾಗುತ್ತದೆ. ಈ ಅವಧಿಯಲ್ಲಿ ನೀರು ನಿಲ್ಲಬಾರದು. ಆಗಾಗ ಗಲ್ಲದ ಮಟ್ಟದ ಉಗುರುಬೆಚ್ಚಗಿನ ನೀರಿನಲ್ಲಿ ಬಿಟ್ಟರೆ ಸಾಕಷ್ಟು ಕುಡಿದುಕೊಳ್ಳುತ್ತದೆ.

ಮೂರನೆಯದು, ಮೆಲ್ಲನೆ ತಂಪಾಗಿಸುವುದು. ಒಂದೆರಡು ವಾರಗಳಲ್ಲಿ ಹಂತಹಂತವಾಗಿ 15 ಡಿಗ್ರಿಗೆ, ಅಲ್ಲಿಂದ 10ಕ್ಕೆ, ಕಡೆಗೆ 5-6 ಡಿಗ್ರಿಗೆ ಇಳಿಸಬೇಕು.

ನಾಲ್ಕನೆಯದು, ಹಾಸಿಗೆ. ಗಾಳಿಯಾಡುವ ರಂಧ್ರಗಳುಳ್ಳ ಪೆಟ್ಟಿಗೆಯಲ್ಲಿ ಹಸಿಯಾದ, ಆದರೆ ನೀರು ನಿಲ್ಲದ ಮಣ್ಣನ್ನೂ ತರಗೆಲೆಗಳನ್ನೂ ತುಂಬಬೇಕು. ನಿದ್ರೆಯಲ್ಲಿ ಕಳೆಯುವ ತೂಕದ ಹೆಚ್ಚಿನ ಪಾಲು ನೀರೇ ಆಗಿರುವುದರಿಂದ ತೇವ ಅತ್ಯವಶ್ಯ. ವಾರಕ್ಕೆ ಎರಡು ಮೂರು ಬಾರಿ ಬಾಗಿಲನ್ನು ಕ್ಷಣಕಾಲ ತೆರೆದು ಹೊಸ ಗಾಳಿ ಬಿಡಬೇಕು.

ಐದನೆಯದು, ಉಷ್ಣತೆಯ ಸ್ಥಿರತೆ. ಇಲ್ಲಿ ಭೌತಶಾಸ್ತ್ರದ ಒಂದು ಉಪಾಯವುಂಟು. ರೆಫ್ರಿಜರೇಟರಿನ ಒಳಗಿರುವ 200 ಲೀಟರು ಗಾಳಿಯನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 60 ಕೆಲೊರಿ ಸಾಕು. ಆದರೆ ಐದು ಲೀಟರು ನೀರಿಗೆ 5000 ಕೆಲೊರಿ ಬೇಕು. ನೀರು ತುಂಬಿದ ಸೀಸೆಗಳನ್ನು ಒಳಗಿಟ್ಟರೆ ಬಾಗಿಲು ತೆರೆದಾಗಲೂ ಕೆಲವು ಗಂಟೆ ವಿದ್ಯುತ್ತು ಹೋದಾಗಲೂ ಉಷ್ಣತೆ ಬೇಗನೆ ಏರದು. ಕನಿಷ್ಠ ಮತ್ತು ಗರಿಷ್ಠ ಉಷ್ಣತೆಗಳನ್ನು ಗುರುತಿಸಿಡುವ ಮಾಪಕವನ್ನು ಆಮೆಯ ಪಕ್ಕದಲ್ಲಿಯೇ ಇಟ್ಟು ದಿನವೂ ನೋಡಬೇಕು.

ಆರನೆಯದು, ತೂಕ. ಮಲಗಿಸುವ ದಿನದ ತೂಕವನ್ನು ಬರೆದಿಟ್ಟು ವಾರಕ್ಕೊಮ್ಮೆ ತೂಗಬೇಕು. ತಿಂಗಳಿಗೆ ನೂರಕ್ಕೆ ಒಂದರಷ್ಟು ಇಳಿತ ಸಹಜ. 400 ಗ್ರಾಮಿನ ಆಮೆಗೆ ಇದು 4 ಗ್ರಾಮಿನ ಮಾತು. ಆದುದರಿಂದ ತಕ್ಕಡಿ ಒಂದು ಗ್ರಾಮನ್ನಾದರೂ ತೋರಿಸಬೇಕು. ಇಳಿತ ಇದಕ್ಕಿಂತ ವೇಗವಾದರೆ, ಇಲ್ಲವೆ ಆಮೆ ಮೂತ್ರ ವಿಸರ್ಜಿಸಿದ್ದು ಕಂಡರೆ, ನಿದ್ರೆಯನ್ನು ಮುಗಿಸಿ ಎಬ್ಬಿಸಬೇಕು. ಒಟ್ಟು ನಷ್ಟ ನೂರಕ್ಕೆ ಹತ್ತರ ಹತ್ತಿರ ಹೋಗಲು ಎಂದೂ ಬಿಡಬಾರದು.

ಎಂಟರಿಂದ ಹನ್ನೆರಡು ವಾರಗಳ ನಿದ್ರೆ ಸಾಕಿದ ಆಮೆಗೆ ಧಾರಾಳವಾಯಿತು. ಎಬ್ಬಿಸುವಾಗಲೂ ಆತುರ ಸಲ್ಲದು. ಕೆಲವು ದಿನಗಳಲ್ಲಿ ಕ್ರಮವಾಗಿ ಬೆಚ್ಚಗೆ ಮಾಡಿ, ಉಗುರುಬೆಚ್ಚಗಿನ ನೀರಿನ ಸ್ನಾನ ಮಾಡಿಸಿ, ಮೊದಲು ಕುಡಿಯಲು ಬಿಡಬೇಕು. ಒಂದೆರಡು ವಾರವಾದರೂ ಆಹಾರ ಮುಟ್ಟದಿದ್ದರೆ ವೈದ್ಯರ ಸಲಹೆ ಪಡೆಯಬೇಕು.

ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಪೆಟ್ಟಿಗೆಯಾಮೆ ಎಂಬ ಹೆಸರುಳ್ಳದ್ದೆಲ್ಲ ಮಲಗುವ ಜಾತಿಯಲ್ಲ. ನಮ್ಮ ದೇಶದ ಈಶಾನ್ಯ ಭಾಗದಿಂದ ಆಗ್ನೇಯ ಏಷ್ಯಾದವರೆಗೆ ಹರಡಿರುವ ಪೆಟ್ಟಿಗೆಯಾಮೆ ಉಷ್ಣವಲಯದ್ದು. ಅದನ್ನು 5 ಡಿಗ್ರಿಯಲ್ಲಿ ಇಟ್ಟರೆ ಸಾಯುತ್ತದೆ. ಅಂಗಡಿಗಳಲ್ಲಿ ಮಾರುವ ಕೆಂಪುಕಿವಿಯ ನೀರಾಮೆಯನ್ನೂ ನಮ್ಮಲ್ಲಿ ಚಳಿಗಾಲದಲ್ಲಿ ಬೆಚ್ಚಗಿಡುವುದೇ ಸರಿ. ಬೇಸರವಾಯಿತೆಂದು ಅದನ್ನು ಉಣಕಲ್ ಕೆರೆಗೆ ಬಿಡುವುದಂತೂ ತರವಲ್ಲ. ಅದು ಹೊರನಾಡಿನ ಪ್ರಾಣಿ, ಇಲ್ಲಿಯ ಆಮೆಗಳ ಆಹಾರಕ್ಕೂ ನೆಲೆಗೂ ಪೈಪೋಟಿಗಿಳಿಯುತ್ತದೆ.

ನಮ್ಮ ಆಮೆಯ ಗ್ರೀಷ್ಮನಿದ್ರೆ

ರಾಯಾಪುರದ ನೆಲ ಶೀತವನ್ನು ಕೊಡಲಾರದು ಎಂದೆವು. ಆದರೆ ಅದೇ ನೆಲ ಬೇರೊಂದು ಆಮೆಗೆ ಆಶ್ರಯ ಕೊಡುತ್ತದೆ. ನಮ್ಮ ಕೆರೆ ಕಟ್ಟೆಗಳಲ್ಲಿ ವಾಸಿಸುವ ಮೆತ್ತನೆಯ ಚರ್ಮದ ಕೆರೆಯಾಮೆಗೆ ಶಾಸ್ತ್ರದಲ್ಲಿ ಲಿಸ್ಸೆಮಿಸ್ ಪಂಕ್ಟಾಟ ಎಂದು ಹೆಸರು. ಅದರ ಹಿಂಗಾಲುಗಳನ್ನು ಮುಚ್ಚುವ ಚರ್ಮದ ಕದಗಳು ಹೊಟ್ಟೆಯ ಚಿಪ್ಪಿಗೆ ಅಂಟಿಕೊಂಡಿವೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ಸಣ್ಣ ಕೆರೆಗಳು ಬತ್ತಿ ಹಗಲಿನ ಉಷ್ಣತೆ 36-37 ಡಿಗ್ರಿಗೆ ಏರಿದಾಗ ಅದು ಕೆಸರಿನಲ್ಲಿ ಹೂತುಕೊಂಡು ಮಳೆಗಾಗಿ ಕಾಯುತ್ತದೆ. ಇದು ಗ್ರೀಷ್ಮನಿದ್ರೆ. ಹಗಲಿನ ಅಲೆ ಆಳದಲ್ಲಿ ಕುಗ್ಗುವುದರಿಂದ ಅಲ್ಲಿ ಉರಿಬಿಸಿಲಿನ ತಾಪವಿಲ್ಲ. ಕೆಸರಿನ ತೇವದಿಂದ ಚರ್ಮ ಒಣಗುವುದಿಲ್ಲ. ಸೆಲ್ಬೋರ್ನಿನಲ್ಲಿ ಟಿಮೊತಿಯನ್ನು ಹಿಮದಿಂದ ಕಾಪಾಡಿದ ನಿಯಮವೇ ಇಲ್ಲಿ ಕೆರೆಯಾಮೆಯನ್ನು ಬಿಸಿಲಿನಿಂದ ಕಾಪಾಡುತ್ತದೆ. ನೆಲ ಎರಡು ಕಡೆಯೂ ಮಾಡುವುದು ಒಂದೇ ಕೆಲಸ: ಅತಿಯನ್ನು ಮೊಟಕುಗೊಳಿಸಿ ಸರಾಸರಿಯತ್ತ ಎಳೆಯುವುದು.

ಹೂಳೆತ್ತುವಾಗ ಇಂಥ ಆಮೆ ಸಿಕ್ಕಿದರೆ ಅದು ಸತ್ತಿದೆಯೆಂದೋ ಅನಾಥವೆಂದೋ ಭಾವಿಸಿ ಮನೆಗೆ ತರುವುದು ಉಪಕಾರವಲ್ಲ. ಹತ್ತಿರದ ನೀರಿನ ಅಂಚಿನಲ್ಲಿ ನೆರಳಿನ ಕೆಸರಿಗೆ ಬಿಟ್ಟರೆ ಸಾಕು. ಗಾಯಗೊಂಡಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಕೆರೆಯಾಮೆಯೂ, ನಮ್ಮ ಒಣಕುರುಚಲಿನ ನಕ್ಷತ್ರದ ಆಮೆಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ. ಅವುಗಳನ್ನು ಹಿಡಿಯುವುದೂ ಸಾಕುವುದೂ ಮಾರುವುದೂ ಅಪರಾಧ. ನಕ್ಷತ್ರದ ಆಮೆಯ ಅಂತರರಾಷ್ಟ್ರೀಯ ವ್ಯಾಪಾರವನ್ನು 2019ರಲ್ಲಿ ನಿಷೇಧಿಸಲಾಯಿತು. ಅಮೆರಿಕದ ಪೆಟ್ಟಿಗೆಯಾಮೆಯೂ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವುದರಿಂದ, ಅಂಥದನ್ನು ಸಾಕಿರುವವರು 2024ರ ನಿಯಮಗಳಂತೆ ಸರಕಾರದಲ್ಲಿ ನೋಂದಾಯಿಸಬೇಕು.

ಮಾಡಿ ನೋಡಿ

ಇದನ್ನು ಪರೀಕ್ಷಿಸಲು ಆಮೆ ಬೇಕಿಲ್ಲ. ಶಾಲೆಯ ಅಂಗಳದಲ್ಲಿ ನೆರಳಿಲ್ಲದ ಒಂದು ಜಾಗವನ್ನು ಆರಿಸಿ 5, 15, 30 ಸೆಂಟಿಮೀಟರು ಆಳಗಳಲ್ಲಿ ಕಡ್ಡಿಯಂಥ ಮಣ್ಣಿನ ಉಷ್ಣಮಾಪಕಗಳನ್ನು ಊರಿ, ಒಂದು ದಿನವಿಡೀ ಎರಡು ಗಂಟೆಗೊಮ್ಮೆ ಓದಿ ನಕ್ಷೆ ಬರೆಯಿರಿ. ಆಳ ಹೆಚ್ಚಿದಂತೆ ಅಲೆ ಕುಗ್ಗುವುದಷ್ಟೇ ಅಲ್ಲ, ಅದರ ಶಿಖರ ತಡವಾಗಿ ಬರುವುದೂ ಕಾಣುತ್ತದೆ. ಮೇಲ್ಮೈ ಮಧ್ಯಾಹ್ನ ಬಿಸಿಯಾದರೆ ಕೆಳಗಿನ ಮಣ್ಣು ಯಾವ ಹೊತ್ತಿಗೆ ಬಿಸಿಯಾಗುತ್ತದೆ ಎಂಬುದನ್ನು ಗುರುತಿಸಿರಿ.

ಕಾಲೇಜಿನ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಹತ್ತು ಡಿಗ್ರಿಗೆ ಎರಡೂವರೆ ಪಟ್ಟು ಎಂಬ ನಿಯಮದಂತೆ 14 ಡಿಗ್ರಿಯಲ್ಲಿಯೂ 29 ಡಿಗ್ರಿಯಲ್ಲಿಯೂ ಜೀವಕ್ರಿಯೆಯ ವೇಗವನ್ನು ಬೇರೆಬೇರೆಯಾಗಿ ಕಂಡುಹಿಡಿದು ಅವೆರಡರ ಸರಾಸರಿ ತೆಗೆಯಿರಿ. ಅನಂತರ ಸರಾಸರಿ ಉಷ್ಣತೆಯಾದ 21.5 ಡಿಗ್ರಿಯ ವೇಗದೊಡನೆ ಅದನ್ನು ಹೋಲಿಸಿರಿ. ಮೊದಲನೆಯದು ಸುಮಾರು 0.90, ಎರಡನೆಯದು 0.73 ಬರಬೇಕು. ಹಗಲಿನ ಬಿಸಿ ಹೆಚ್ಚಿಸುವ ವೆಚ್ಚ ಇರುಳಿನ ತಂಪು ಉಳಿಸುವುದಕ್ಕಿಂತ ದೊಡ್ಡದು ಎಂದು ಇದರಿಂದ ತಿಳಿಯುತ್ತದೆ. ಹಗಲು ಬಿಸಿಯಾಗಿ ಇರುಳು ತಂಪಾಗುವ ಮೂಲೆಯಲ್ಲಿ ಆಮೆಯನ್ನು ಮಲಗಿಸಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕಾರಣ ಬೇಕಿಲ್ಲ.